ಫೈಂಡರಿನ ಮುಚ್ಚಳ

ಫೆಬ್ರವರಿ 8, ಶನಿವಾರ

ಆಕಾಶ ಸ್ವಚ್ಛ. ಗಾಳಿ ಅಷ್ಟಕ್ಕಷ್ಟೆ. ಬೆಳಿಗ್ಗೆ 9.10ರಿಂದ 10.40ರವರೆಗೆ. ಸೂರ್ಯನ ಮೇಲೆ ಎರಡು ಗುಂಪು, ಒಟ್ಟು ಏಳು ಕಲೆ. ಮೊದಲು ಎಂಟು ಎಂದು ಬರೆದಿದ್ದೆ. ಅದರಲ್ಲಿ ಒಂದು ಟೆಲಿಸ್ಕೋಪಿನ ಕಣ್ಣುಗಾಜಿನ ಮೇಲಿನ ಧೂಳು. ಗಾಜು ತಿರುಗಿಸಿದರೆ ಅದೂ ತಿರುಗಿತು. ಎಂಟಕ್ಕೆ ಗೀಟು ಹಾಕಿ ಪಕ್ಕದಲ್ಲಿ ಏಳು ಎಂದು ಬರೆದಿದ್ದೇನೆ. ಈ ಪುಸ್ತಕದ ಕಟ್ಟಳೆ ಅದು. ಕಂಡದ್ದನ್ನು ಬರೆಯಬೇಕು, ತಪ್ಪಿದರೆ ಒಂದೇ ಗೀಟು ಹಾಕಿ ಸರಿಯಾದದ್ದನ್ನು ಬರೆಯಬೇಕು, ಅಳಿಸಬಾರದು.

ಅರವತ್ತನಾಲ್ಕು ಮಕ್ಕಳಿಗೆ ಸೂರ್ಯನನ್ನು ತೋರಿಸಿದೆ. ಗಂಟಲು ಕೂತಿದೆ, ಕಾಲು ಬಿದ್ದುಹೋಗಿವೆ, ಆದರೂ ಖುಷಿಯಾಗಿದೆ. ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಸೀಮೆಸುಣ್ಣದ ಸೂರ್ಯನನ್ನು ಬರೆದು ಬರೆದು ಸಾಕಾಗಿತ್ತು. ಇವತ್ತು ಒಬ್ಬೊಬ್ಬರೂ ಕಣ್ಣಿಟ್ಟು "ಇಷ್ಟೇನಾ!" ಎಂದು ಶುರುಮಾಡಿ "ಅಬ್ಬಾ!" ಎಂದು ಮುಗಿಸಿದರು.

ಶಾಲೆಯ ಟೆಲಿಸ್ಕೋಪು ಬೀರುವಿನಿಂದ ಹೊರಬರುವುದು ವರ್ಷಕ್ಕೆ ನಾಲ್ಕೈದು ಸಲ. ಹೊತ್ತು ತರುವುದು, ಜೋಡಿಸುವುದು ನಮ್ಮ ಲ್ಯಾಬ್ ಅಟೆಂಡರ್. ಅವರಿಗೊಂದು ಚಾಳಿ. ಜೋಡಿಸಿದ ಮೇಲೆ ಒಂದೊಂದರ ಮೇಲೂ ಬೆರಳಿಟ್ಟು ಗಟ್ಟಿಯಾಗಿ ಎಣಿಸುತ್ತಾರೆ. "ಕಾಲು ಮೂರು, ತಿರುಪು ಆರು, ಫಿಲ್ಟರು ಒಂದು…" ಇವತ್ತೂ ಹಾಗೇ ಶುರುವಾಯಿತು. ಮಕ್ಕಳ ಸಾಲು ಆಗಲೇ ಮೈದಾನಕ್ಕೆ ಬಂದಿತ್ತು. "ನಿಮ್ಮ ಎಣಿಕೆ ಮುಗಿಯೋದ್ರೊಳಗೆ ಸೂರ್ಯ ಮುಳುಗ್ತಾನೆ, ಬಿಡಿ," ಎಂದೆ. ನಕ್ಕು ಬೆಂಚು ತರಲು ಹೋದರು.

ದೊಡ್ಡ ಕೊಳವೆಯ ಬಾಯಿಗೆ ಫಿಲ್ಟರು ಇತ್ತು. ಅದು ಲಕ್ಷ ಪಾಲು ಬೆಳಕಿನಲ್ಲಿ ಒಂದು ಪಾಲನ್ನು ಒಳಗೆ ಬಿಡುತ್ತದೆ. ಸೂರ್ಯನತ್ತ ಗುರಿ ಹಿಡಿಯುವುದು ನೆರಳು ನೋಡಿ. ಕೊಳವೆಯ ನೆರಳು ನೆಲದ ಮೇಲೆ ಅತಿ ಗಿಡ್ಡವಾದಾಗ ಗುರಿ ಕೂತಂತೆ. ದೊಡ್ಡ ಕೊಳವೆಯ ಬೆನ್ನ ಮೇಲೆ ಸವಾರಿ ಮಾಡುವ ಪುಟ್ಟ ದುರ್ಬೀನು, ಫೈಂಡರು, ಈ ಕೆಲಸಕ್ಕೆ ಬೇಡ. ಮುಂದಿನ ವಾರ ಚಂದ್ರನಿಗೆ ಬೇಕಾದೀತೆಂದು ನಿನ್ನೆ ಸಂಜೆ ನೀರಿನ ಟ್ಯಾಂಕಿನ ತುದಿಯನ್ನು ಗುರಿಯಾಗಿಟ್ಟು, ಎರಡು ಕೊಳವೆಯೂ ಒಂದೇ ಕಡೆ ನೋಡುವಂತೆ ಅದನ್ನು ಹೊಂದಿಸಿಟ್ಟಿದ್ದೆ.

ಏಳನೇ ತರಗತಿಯ ಪ್ರಶ್ನೆಪತ್ರಿಕೆ ಇವತ್ತೂ ಬಿಡಲಿಲ್ಲ. ಆ ಹುಡುಗಿಗೆ ಆ ಹೆಸರು ನಾನೇ ಇಟ್ಟದ್ದು. ಒಂದು ಉತ್ತರ ಕೊಟ್ಟರೆ "ಹಾಗಾದ್ರೆ…" ಎಂದು ಇನ್ನೊಂದು ತೆಗೆಯುತ್ತಾಳೆ. ಸೂರ್ಯನ ಕಲೆ ನಿಜವಾಗಿ ಕಪ್ಪಲ್ಲ, ಸುತ್ತಲಿನದಕ್ಕಿಂತ ಸಾವಿರದೈನೂರು ಡಿಗ್ರಿ ತಣ್ಣಗಿದೆ, ಅದಕ್ಕೆ ಕಪ್ಪಾಗಿ ಕಾಣುತ್ತದೆ ಎಂದೆ. "ಹಾಗಾದ್ರೆ ಅದೊಂದನ್ನೇ ಕಿತ್ತು ಆಕಾಶದಲ್ಲಿ ಇಟ್ರೆ ಟೀಚರ್?" ಹೊಳೆಯುತ್ತದೆ, ಹುಣ್ಣಿಮೆ ಚಂದ್ರನಿಗಿಂತ ಜೋರಾಗಿ ಎಂದೆ. ಒಳ್ಳೆಯ ಪ್ರಶ್ನೆ. ಅವಳಿಗೆ ಹಾಗೆಂದು ಹೇಳಲಿಲ್ಲ, ತಲೆ ಮೇಲೆ ಕೂರುತ್ತಾಳೆ. ಆಮೇಲೆ ಪಕ್ಕದಲ್ಲಿ ನಿಂತು ಏನೋ ಕೂಗಿದಳು. "ಸಾಲಲ್ಲಿ ನಿಲ್ಲು," ಎಂದೆ.

ಫೆಬ್ರವರಿ 10, ಸೋಮವಾರ

ಆಕಾಶ ನೋಡಲಿಲ್ಲ.

ಎರಡನೇ ಪೀರಿಯಡ್. ಬೋರ್ಡಿನ ಮೇಲೆ ಬೆಳಕಿನ ವೇಗ ಬರೆದಿದ್ದೆ. ಪ್ರಶ್ನೆಪತ್ರಿಕೆಯನ್ನು ಎಬ್ಬಿಸಿ ಓದು ಎಂದೆ. ಕುತ್ತಿಗೆಯನ್ನು ಕೋಳಿಯ ಹಾಗೆ ಆಚೀಚೆ ವಾಲಿಸಿದಳು. ಮಕ್ಕಳು ನಕ್ಕರು. ನಾನೂ ನಕ್ಕೆ.

"ನಾನು ನೋಡಿದ ಅಂಕಿ ಕಾಣ್ಸಲ್ಲ ಟೀಚರ್. ಅದರ ಪಕ್ಕದ್ದು ಕಾಣ್ಸುತ್ತೆ. ಪಕ್ಕದ್ದನ್ನ ನೋಡಿದ್ರೆ ಅದೂ ಹೋಗುತ್ತೆ."

"ಯಾವಾಗಿಂದ?"

"ಶನಿವಾರದಿಂದ. ನನ್ನ ಕಣ್ಣಲ್ಲೂ ಸೂರ್ಯನ ಕಲೆ ಬಂದಿದೆ." ಹೆಮ್ಮೆಯಿಂದಲೇ ಹೇಳಿದಳು.

ಫಿಲ್ಟರು ಸರಿಯಾಗಿತ್ತು. ಲ್ಯಾಬಿಗೆ ಹೋಗಿ ಎರಡು ಸಲ ಬಲ್ಬಿಗೆ ಹಿಡಿದು ನೋಡಿದೆ, ಒಂದು ಸೂಜಿಮೊನೆಯಷ್ಟೂ ತೂತಿಲ್ಲ. ಅರವತ್ತಮೂರು ಮಕ್ಕಳಿಗೆ ಏನೂ ಆಗಿಲ್ಲ. ಹಾಗಾದರೆ ಇವಳು ನೋಡಿದ್ದು ಎಲ್ಲಿಂದ ಎಂದು ಯೋಚಿಸುತ್ತ ನಿಂತಿದ್ದಾಗ ಕಣ್ಣು ಫೈಂಡರಿನ ಮೇಲೆ ಬಿತ್ತು. ಅದಕ್ಕೆ ಮುಚ್ಚಳವಿರಲಿಲ್ಲ.

ಫೆಬ್ರವರಿ 11, ಮಂಗಳವಾರ

ಕಣ್ಣಿನ ಡಾಕ್ಟರ ವರದಿ ಬಂದಿದೆ. ಬಲಗಣ್ಣಿನ ರೆಟಿನಾದ ನಟ್ಟನಡುವೆ ಸುಟ್ಟ ಗುರುತು. ಆರು ತಿಂಗಳು ಕಾಯಬೇಕು, ಸ್ವಲ್ಪ ಮರಳಬಹುದು, ಪೂರ್ತಿ ಮರಳುವುದಿಲ್ಲ. ಎಡಗಣ್ಣು ಹುಟ್ಟಿನಿಂದ ಮಂದ. ಒಳ್ಳೆಯ ಕಣ್ಣಿನಲ್ಲೇ ನೋಡಿದ್ದಾಳೆ. ಯಾರಾದರೂ ಹಾಗೇ ಮಾಡುತ್ತಾರೆ. ನೋವೇ ಆಗಲಿಲ್ಲವೇ ಎಂದು ಹೆಡ್ ಮೇಡಂ ಕೇಳಿದರು. ಆಗುವುದಿಲ್ಲ. ರೆಟಿನಾಕ್ಕೆ ನೋವಿನ ನರವಿಲ್ಲ.

ಫೈಂಡರಿನ ಮುಂದಿನ ಗಾಜು ಮೂವತ್ತು ಮಿಲಿಮೀಟರ್. ಬಿಸಿಲಿನಲ್ಲಿ ಕಣ್ಣಿನ ಪಾಪೆ ಮೂರು. ಅಗಲ ಹತ್ತು ಪಟ್ಟಾದರೆ ಬೆಳಕು ನೂರು ಪಟ್ಟು.

ಉಪಕರಣವನ್ನು ಮುಟ್ಟಬಾರದೆಂದು ಮೂರು ಸಲ ಹೇಳಲಾಗಿತ್ತು. ಆ ಹುಡುಗಿ ಸಾಲು ಬಿಟ್ಟು ಬಂದು ನೋಡಿದ್ದಾಳೆ. ನಾನಾಗ ದೊಡ್ಡ ಕೊಳವೆಯ ಹತ್ತಿರ ಒಂದು ಮಗುವನ್ನು ಎತ್ತಿ ಹಿಡಿದಿದ್ದೆ. ಅವಳು ಏನೋ ಕೂಗಿದ್ದು ನಿಜ. ಏನೆಂದು ನನಗೆ ಕೇಳಿಸಲಿಲ್ಲ.

ಸಂಜೆ ಸೀಮೆಸುಣ್ಣಕ್ಕೆಂದು ಬ್ಯಾಗಿನ ಹೊರಜೇಬಿಗೆ ಕೈಹಾಕಿದೆ. ಫೈಂಡರಿನ ಮುಚ್ಚಳ ಸಿಕ್ಕಿತು. ಅಸಲಿ ಮುಚ್ಚಳ ಎಂದೋ ಕಳೆದುಹೋಗಿತ್ತು. ಇದು ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳ. ಅಟೆಂಡರ್ ಅದಕ್ಕೆ ಕಪ್ಪು ಬಣ್ಣ ಹಚ್ಚಿ, ಒಳಗೆ ಬಟ್ಟೆ ಅಂಟಿಸಿ, ಬಿಗಿಯಾಗಿ ಕೂರುವಂತೆ ಮಾಡಿದ್ದರು. ಶುಕ್ರವಾರ ಟ್ಯಾಂಕಿಗೆ ಹೊಂದಿಸುವಾಗ ತೆಗೆದದ್ದು ಇಲ್ಲೇ ಉಳಿದಿರಬೇಕು. ತೆಗೆಯಲಾಗಿತ್ತು, ಸರಿ. ಆದರೆ ಶನಿವಾರ ಜೋಡಿಸುವವರು ನೋಡಬೇಕಿತ್ತಲ್ಲ? ಜೋಡಣೆ ಅವರ ಕೆಲಸ.

ಫೆಬ್ರವರಿ 12, ಬುಧವಾರ

ನೂರಲ್ಲ, ಮೂವತ್ತಾರು. ಫೈಂಡರು ಆರು ಪಟ್ಟು ಹಿಗ್ಗಿಸಿ ತೋರಿಸುತ್ತದೆ; ಒಳಹೊಕ್ಕ ಮೂವತ್ತು ಮಿಲಿಮೀಟರ್ ಬೆಳಕು ಹೊರಬರುವಾಗ ಐದು ಮಿಲಿಮೀಟರ್ ಅಗಲವಿರುತ್ತದೆ. ಪಾಪೆ ಮೂರೇ. ಮಿಕ್ಕದ್ದು ಪಾಪೆಯ ಸುತ್ತ ಬಿತ್ತು. ಕಣ್ಣೊಳಗೆ ಹೋದದ್ದು ಬರಿಗಣ್ಣಿಗೆ ಬೀಳುವುದರ ಮೂವತ್ತಾರು ಪಟ್ಟು. ನಿನ್ನೆಯ ಪುಟದಲ್ಲಿ ನೂರಕ್ಕೆ ಗೀಟು ಹಾಕಿ ಸರಿಮಾಡಿದ್ದೇನೆ. ತಪ್ಪು ಲೆಕ್ಕವನ್ನು ಹಾಗೇ ಬಿಟ್ಟು ಮಲಗುವುದು ನನ್ನಿಂದಾಗದು.

ಫೆಬ್ರವರಿ 14, ಶುಕ್ರವಾರ

ಹೆಡ್ ಮೇಡಂ ಲಿಖಿತ ಹೇಳಿಕೆ ಕೇಳಿದ್ದರು. ಒಂದೂವರೆ ಪುಟ ಬರೆದುಕೊಟ್ಟೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗಿದೆ. ಟೆಲಿಸ್ಕೋಪನ್ನು ಬೀರುವಿನಿಂದ ತಂದು ಜೋಡಿಸಿದ್ದು ಅಟೆಂಡರ್: ನಿಜ. ಪ್ರದರ್ಶನದ ವೇಳೆ ಫೈಂಡರಿಗೆ ಮುಚ್ಚಳವಿರಲಿಲ್ಲ: ನಿಜ. ವಿದ್ಯಾರ್ಥಿನಿ ಸಾಲು ಬಿಟ್ಟಿದ್ದಳು: ನಿಜ. ಒಂದು ವಾಕ್ಯವನ್ನಾದರೂ ಯಾರಾದರೂ ಸುಳ್ಳು ಎಂದು ತೋರಿಸಲಿ ನೋಡೋಣ.

ನನ್ನೆದುರಿಗೇ ಅಟೆಂಡರನ್ನು ಕರೆಸಿದರು.

"ಮುಚ್ಚಳ ಹಾಕಿದ್ರಾ ಇಲ್ವಾ? ಒಂದೇ ಮಾತಲ್ಲಿ ಹೇಳಿ."

ಅವರು ನನ್ನ ಮುಖ ನೋಡಿದರು. ಯಾವಾಗಲೂ ಹಾಗೇ, ಲ್ಯಾಬಿನಲ್ಲಿ ಯಾವ ಸೀಸೆ ಎಲ್ಲಿದೆ ಎಂದು ಅವರೇ ನನಗೆ ಹೇಳಬೇಕಾದಾಗಲೂ ಮೊದಲು ನನ್ನ ಮುಖ ನೋಡುತ್ತಾರೆ.

"ಹಾಕಿರ್ತೀನಿ ಮೇಡಂ. ಯಾವಾಗ್ಲೂ ಹಾಕ್ತೀನಿ. ಆದ್ರೆ ಆವತ್ತು… ಹಾಕಿದ್ದು ನೆನಪಿಗೆ ಬರ್ತಿಲ್ಲ."

"ಹಾಗಾದ್ರೆ ಹಾಕಿಲ್ಲ."

"ಹಾಕಿಲ್ಲ ಅನ್ಸುತ್ತೆ," ಎಂದರು. ಆಮೇಲೆ ತಮಗೇ ಹೇಳಿಕೊಳ್ಳುವಂತೆ, "ನಮ್ಮಪ್ಪಂಗೂ ಈ ವಯಸ್ಸಲ್ಲೇ ಮರೆವು ಶುರುವಾಗಿದ್ದು," ಎಂದರು.

ನನ್ನ ಬ್ಯಾಗು ತೊಡೆಯ ಮೇಲಿತ್ತು. ಎರಡೂ ಕೈ ಅದರ ಮೇಲಿಟ್ಟುಕೊಂಡು ಕೂತಿದ್ದೆ. ನಾನು ಸುಳ್ಳು ಹೇಳಲಿಲ್ಲ. ನನ್ನನ್ನು ಯಾರೂ ಏನೂ ಕೇಳಲೇ ಇಲ್ಲ.

ಫೆಬ್ರವರಿ 17, ಸೋಮವಾರ

ಮೋಡ.

ಫೆಬ್ರವರಿ 20, ಗುರುವಾರ

ಅಟೆಂಡರನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಆಡಳಿತ ಸಮಿತಿಯ ಕೊನೆಯ ತೀರ್ಮಾನ ಮುಂದಿನ ತಿಂಗಳು. ನಿವೃತ್ತಿಗೆ ಏಳು ತಿಂಗಳಿತ್ತು. ಲ್ಯಾಬಿನ ಬೀಗದ ಕೈ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು ಎಣಿಸಿಕೊಟ್ಟರು. ಹನ್ನೊಂದು. ಎರಡನೇ ಸಲ ಎಣಿಸಿದರು, ಮೂರನೇ ಸಲವೂ ಎಣಿಸಿದರು. ಮೊದಲೆಲ್ಲ ಒಂದೇ ಸಲ ಎಣಿಸುತ್ತಿದ್ದರು.

"ಹನ್ನೊಂದೇ ತಾನೇ ಮೇಡಂ?"

"ಹನ್ನೊಂದೇ," ಎಂದೆ.

ಮನೆಗೆ ಬಂದು ಅಕ್ಕನಿಗೆ ವಿಷಯ ಹೇಳಿದೆ. ಅಕ್ಕ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ನಾವಿಬ್ಬರೇ ಇರುವ ಮನೆ. ಅವಳ ಯಂತ್ರದ ಸದ್ದು ನಿಂತರೆ ಮಾತ್ರ ಮಾತು ಶುರುವಾಗುತ್ತದೆಂದು ನನಗೆ ಗೊತ್ತು. ನಿಲ್ಲಲಿಲ್ಲ. ಸದ್ಯ ಎನಿಸಿತು.

ಫೆಬ್ರವರಿ 26, ಬುಧವಾರ

ತಪ್ಪಿದ ಪಾಠ ಹೇಳಿಕೊಡಲು ಹುಡುಗಿಯ ಮನೆಗೆ ಹೋಗಿದ್ದೆ. ಯಾರೂ ಹೋಗಿ ಎನ್ನಲಿಲ್ಲ. ಹೋಗದಿದ್ದರೆ ಜನ ಏನಾದರೂ ಅಂದಾರು ಎಂದುಕೊಂಡು ಹೋದೆ.

ಎರಡು ಕೋಣೆಯ ಮನೆ. ತಾಯಿ ಸಿಟಿ ಬಸ್ಸಿನ ಕಂಡಕ್ಟರ್, ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು, ಶಿಳ್ಳೆ ಇನ್ನೂ ಕುತ್ತಿಗೆಯಲ್ಲೇ ಇತ್ತು. ನನಗೆಂದು ಇದ್ದ ಒಂದೇ ಕುರ್ಚಿಯನ್ನು ಒರೆಸಿದಳು.

"ಸ್ಕೂಲಿಂದ ಬಂದಿದ್ದು ನೀವೊಬ್ರೇ ಟೀಚರ್. ಆ ಅಟೆಂಡರೂ ಬಂದಿದ್ದ. ಬಾಗಿಲಲ್ಲಿ ಕೈಮುಗಿದು ನಿಂತ. ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕ್ದೆ. ಒಂದು ಗಂಟೆ ಆದ್ಮೇಲೆ ತೆಗೆದು ನೋಡಿದ್ರೆ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ."

ನಾನು ಕಾಫಿ ಕುಡಿದೆ. ಇನ್ನೇನು ಮಾಡಲಿ.

ಹುಡುಗಿ ಪುಸ್ತಕವನ್ನು ಮುಖದ ಪಕ್ಕಕ್ಕೆ ಹಿಡಿದು ಓದಲು ನೋಡುತ್ತಿದ್ದಳು. ಅಕ್ಷರವೊಂದನ್ನು ದಿಟ್ಟಿಸುತ್ತಾಳೆ, ಅದು ಮಾಯವಾಗುತ್ತದೆ, ಸಿಟ್ಟಿನಿಂದ ಇನ್ನೂ ದಿಟ್ಟಿಸುತ್ತಾಳೆ. ನೋಡಲಾಗಲಿಲ್ಲ. ನಕ್ಷತ್ರ ನೋಡುವವರ ಹಳೆಯ ಉಪಾಯ ಹೇಳಿಕೊಟ್ಟೆ. ಮಬ್ಬಾದ ನಕ್ಷತ್ರವನ್ನು ನೇರ ನೋಡಿದರೆ ಕಾಣುವುದಿಲ್ಲ. ಅದರ ಸ್ವಲ್ಪ ಪಕ್ಕಕ್ಕೆ ನೋಡಬೇಕು, ಆಗ ಕಣ್ಣಿನ ಅಂಚಿನಲ್ಲಿ ಅದು ಮೂಡುತ್ತದೆ. ಕಣ್ಣಿನ ನಡುವೆ ಇರುವುದು ಸಣ್ಣ ಅಕ್ಷರ ಓದುವ ಜಾಗ. ಮಬ್ಬು ಬೆಳಕನ್ನು ಹಿಡಿಯುವುದು ಅದರ ಸುತ್ತಲಿನ ಜಾಗ.

"ಹಾಗಾದ್ರೆ ನನಗೆ ನಕ್ಷತ್ರ ಕಾಣ್ಸುತ್ತಾ?"

"ಕಾಣ್ಸುತ್ತೆ. ನಮಗೆಲ್ಲ ಕಾಣೋ ಹಾಗೇ."

"ಹಾಗಾದ್ರೆ ಅಕ್ಷರ?"

ದಪ್ಪ ಅಕ್ಷರದಲ್ಲಿ 'ಬೆಳಕು' ಎಂದು ಬರೆದು, ಅದರ ಮೇಲೆ ಎರಡು ಬೆರಳು ಎತ್ತರಕ್ಕೆ ಒಂದು ಚುಕ್ಕಿ ಇಟ್ಟೆ. ಚುಕ್ಕಿಯನ್ನು ನೋಡು, ಪದವನ್ನು ನೋಡಬೇಡ ಎಂದೆ. ಇಪ್ಪತ್ತು ನಿಮಿಷ ಹಿಡಿಯಿತು. ಮೂರಕ್ಷರ ಓದಿ ಬೆವರಿದ್ದಳು. ತಾಯಿ ಅಡುಗೆಯ ಮೂಲೆಗೆ ತಿರುಗಿ ನಿಂತಳು.

ಹೊರಡುವಾಗ ನನ್ನ ಎರಡೂ ಕೈ ಹಿಡಿದು, "ನಿಮ್ಮ ಋಣ ತೀರ್ಸೋಕಾಗಲ್ಲ," ಎಂದಳು.

ಮನೆಗೆ ನಡೆದೇ ಬಂದೆ. ಆರು ಕಿಲೋಮೀಟರ್.

ಮಾರ್ಚ್ 1, ಶನಿವಾರ

ಮತ್ತೆ ಹೋಗಿದ್ದೆ. ನಾಲ್ಕಕ್ಷರದ ಪದ ಓದಿದಳು. ನಡುವೆ ಯಾಕೋ ಟೆಲಿಸ್ಕೋಪಿನ ಆ ಶನಿವಾರದ ಮಾತು ತೆಗೆದಳು.

"ಮೊದಲನೇ ಸಲ ಸುಮ್ನೆ ಹೀಗೆ ಇಣುಕಿದ್ದಷ್ಟೇ ಟೀಚರ್. ಕಣ್ಣು ಕುಕ್ಕಿತು, ತೆಗೆದ್ಬಿಟ್ಟೆ. ಯಾರೂ ಬೇಡ ಅನ್ಲಿಲ್ಲ. ಅದಕ್ಕೆ ಎರಡನೇ ಸಲ ಗಟ್ಟಿ ಮನಸ್ಸು ಮಾಡಿ ತುಂಬಾ ಹೊತ್ತು ನೋಡ್ದೆ."

ಡಾಕ್ಟರ ವರದಿಯಲ್ಲಿ ಒಂದು ಸಾಲಿತ್ತು: ಎಷ್ಟು ಹೊತ್ತು ನೋಡಿದಳೆಂಬುದರ ಮೇಲೆ ಸುಟ್ಟ ಆಳ ನಿಂತಿದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಅವಳು ಕೂಗಿದ್ದು.

ಮಾರ್ಚ್ 3, ಸೋಮವಾರ

ಹೊಲಿಗೆ ಯಂತ್ರದ ಸದ್ದು ನಿಂತಿತು.

ಅಕ್ಕ ಗುಂಡಿಸೂಜಿ ಹುಡುಕುತ್ತ ನನ್ನ ಬ್ಯಾಗಿಗೆ ಕೈಹಾಕಿದ್ದಾಳೆ. ನಾನು ಬಚ್ಚಲಿನಿಂದ ಬರುವ ಹೊತ್ತಿಗೆ ಮುಚ್ಚಳವನ್ನು ಅಂಗೈಯಲ್ಲಿ ಮಗುಚಿ ಇಟ್ಟುಕೊಂಡು ಕೂತಿದ್ದಳು.

"ಈ ಕಪ್ಪು ಬಟ್ಟೆ ನಾನೇ ಕತ್ತರಿಸಿ ಕೊಟ್ಟಿದ್ದು ಕಣೇ. ಕೋಟಿನ ಒಳಪದರದ್ದು. ಆಯಪ್ಪ ಬಂದು ಬಾಗಿಲ ಹೊರಗೇ ನಿಂತು, 'ಅಮ್ಮಾ, ಬೆಳಕು ಒಂಚೂರೂ ಹಾಯಬಾರದು, ಅಂಥದ್ದು ಕೊಡಿ' ಅಂದಿದ್ರು. ಬಿಸಿಲಿಗೆ ಹಿಡಿದು ನೋಡಿ ತಗೊಂಡು ಹೋದ್ರು."

"ಜೋಡಿಸುವವರು ನೋಡಬೇಕಿತ್ತು ಅಕ್ಕಾ."

"ಯಾರ ಬ್ಯಾಗಲ್ಲಿತ್ತು?"

"ನನ್ನ ಕಡೆ ಯಾರೂ ಬೆರಳು ತೋರಿಸಿಲ್ಲ. ಹಾಗಿರುವಾಗ ನಾನಾಗಿ ಹೋಗಿ…"

"ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ," ಎಂದಳು. "ಮೇಕೆ ಪಾಪ, 'ನಾನೇ ತಿಂದಿರಬೇಕು ಬಿಡಿ' ಅಂತಿದೆ. ಅದು ಕತೇಲೂ ಇರ್ಲಿಲ್ಲ."

ನಾನು ಕೂಗಾಡಿದೆ. ನಿನಗೇನು ಗೊತ್ತು, ಅರವತ್ತನಾಲ್ಕು ಮಕ್ಕಳು, ಒಬ್ಬಳೇ ನಾನು, ಟೆಲಿಸ್ಕೋಪನ್ನು ಬೀರುವಿನಲ್ಲೇ ಕೊಳೆಹಾಕಿದ್ದರೆ ಯಾವ ತಾಪತ್ರಯವೂ ಇರಲಿಲ್ಲ ಎಂದೆಲ್ಲ. ಅಕ್ಕ ಮುಚ್ಚಳವನ್ನು ಯಂತ್ರದ ಮೇಲೆ, ದಾರದ ಉಂಡೆಯ ಪಕ್ಕದಲ್ಲಿಟ್ಟು ಹೊಲಿಗೆ ಮುಂದುವರಿಸಿದಳು. ಈಗಲೂ ಅಲ್ಲೇ ಇದೆ. ಎತ್ತಿ ಒಳಗಿಡಲು ನನಗೆ ಕೈ ಬರುತ್ತಿಲ್ಲ.

ಮಾರ್ಚ್ 8, ಶನಿವಾರ

ಇವತ್ತು ಮಗು ಒಂದು ಪೂರ್ತಿ ವಾಕ್ಯ ಓದಿತು. 'ಸೂರ್ಯನ ಬೆಳಕು ನಮ್ಮನ್ನು ತಲುಪಲು ಎಂಟು ನಿಮಿಷ ಬೇಕು.' ಓದಿ ಮುಗಿಸಿ, "ಹಾಗಾದ್ರೆ ನನ್ನ ಕಣ್ಣು ಸುಟ್ಟ ಬೆಳಕು, ನಾನು ಸಾಲಲ್ಲಿ ನಿಂತಿದ್ದಾಗ್ಲೇ ಅಲ್ಲಿಂದ ಹೊರಟಿತ್ತಾ?" ಎಂದು ಕೇಳಿತು.

ಹೌದು. ಅವಳು ನನ್ನನ್ನು ಕಲೆಯ ಬಗ್ಗೆ ಕೇಳುತ್ತಿದ್ದಾಗ ಅದು ದಾರಿಯಲ್ಲಿತ್ತು. ನಾನು ಮನಸ್ಸು ಮಾಡಿದ್ದರೆ ತಡೆಯಲು ಎಂಟು ನಿಮಿಷ ಇತ್ತು. ಶುಕ್ರವಾರದಿಂದ ಲೆಕ್ಕ ಹಾಕಿದರೆ ಒಂದು ಇಡೀ ರಾತ್ರಿ ಇತ್ತು.

"ಟೀಚರ್," ಎಂದಳು ಆಮೇಲೆ. "ನೀವ್ಯಾಕೆ ನನ್ನ ಪಕ್ಕಕ್ಕೆ ನೋಡ್ತೀರಾ? ನಿಮ್ಮ ಕಣ್ಣು ಚೆನ್ನಾಗಿದೆಯಲ್ಲ."

ನನಗೆ ಗೊತ್ತೇ ಇರಲಿಲ್ಲ. ಇಷ್ಟು ದಿನವೂ ಅವಳ ಕಿವಿಯನ್ನೋ ಗೋಡೆಯ ಕ್ಯಾಲೆಂಡರನ್ನೋ ನೋಡುತ್ತ ಪಾಠ ಹೇಳುತ್ತಿದ್ದೆ. ಅಂಚುಗಣ್ಣಿನಲ್ಲಿ ಅವಳಿಗೆ ಅದು ಕಂಡಿದೆ. ತಿರುಗಿ ಅವಳ ಕಣ್ಣನ್ನೇ ನೋಡಿದೆ. ಹೊರಗಿನಿಂದ ಏನೂ ಆದಂತಿಲ್ಲ, ಮೊದಲಿನ ಹಾಗೇ ಕಪ್ಪಗೆ ಹೊಳೆಯುತ್ತಿದೆ. ಅಳು ಬಂತು. ಕಣ್ಣಿಗೆ ಧೂಳು ಬಿತ್ತು ಎಂದು ಹೇಳಿ ಎದ್ದುಬಂದೆ.

ಮಾರ್ಚ್ 11, ಮಂಗಳವಾರ

ಮುಚ್ಚಳವನ್ನು ಹೆಡ್ ಮೇಡಂ ಮೇಜಿನ ಮೇಲಿಟ್ಟೆ. ನಾನು ಶುಕ್ರವಾರ ತೆಗೆದೆ, ಬ್ಯಾಗಿಗೆ ಹಾಕಿದೆ, ಮರೆತೆ. ಶನಿವಾರ ಅಟೆಂಡರ್ ಎಣಿಸಲು ಹೊರಟಾಗ ನಾನು ತಡೆದೆ. ಎಣಿಸಲು ಬಿಟ್ಟಿದ್ದರೆ ಮುಚ್ಚಳ ಇಲ್ಲದ್ದು ಸಿಕ್ಕಿಬೀಳುತ್ತಿತ್ತು. ಇದು ನನ್ನ ಹತ್ತಿರವೇ ಇದೆಯೆಂದು ಫೆಬ್ರವರಿ ಹನ್ನೊಂದರಿಂದ ನನಗೆ ಗೊತ್ತಿತ್ತು. ಇಷ್ಟನ್ನೂ ಬರೆದು ತಂದಿದ್ದೆ.

ಅವರು ಕಾಗದ ಓದಿ ಮಗುಚಿಟ್ಟರು. "ಸಮಿತಿ ನಾಡಿದ್ದು ಸೇರುತ್ತೆ. ಆತ ಒಪ್ಪಿಕೊಂಡು ಸಹಿ ಹಾಕಿದಾನೆ. ಹೇಗೂ ನಿವೃತ್ತಿ ಹತ್ತಿರ. ಹೋದ ಮಾರಿಯನ್ನ ಕರೆದು ಮನೆ ಹೊಗಿಸ್ಕೋತೀರಾ? ಯೋಚನೆ ಮಾಡಿ."

"ಮಾಡಿಯೇ ಬಂದದ್ದು," ಎಂದೆ. ಕಾಗದದ ಇನ್ನೊಂದು ಪ್ರತಿಯನ್ನು ಆಗಲೇ ಸಮಿತಿಗೆ ಅಂಚೆಗೆ ಹಾಕಿದ್ದೆ. ಅದನ್ನು ಹೇಳಿದ ಮೇಲೆ ಅವರ ಧ್ವನಿ ಬದಲಾಯಿತು. ಇವತ್ತಿನಿಂದಲೇ ತರಗತಿಗೆ ಹೋಗಬೇಡಿ ಎಂದರು.

ಅಲ್ಲಿಂದ ಅಟೆಂಡರ್ ಮನೆಗೆ. ಬೈಯಲಿ, ಉಗಿಯಲಿ ಎಂದು ಸಿದ್ಧಳಾಗಿ ಹೋಗಿದ್ದೆ. ಬಾಗಿಲಲ್ಲೇ ನಿಂತು ಪೂರ್ತಿ ಹೇಳಿದೆ. ಅವರ ಮನೆಯ ಗೋಡೆಯ ಮೇಲೆಲ್ಲ ಚೀಟಿಗಳು: 'ಗ್ಯಾಸ್ ಆರಿಸು', 'ಬೀಗ ಹಾಕಿದೆಯಾ ನೋಡು', 'ಮಾತ್ರೆ: ಬೆಳಿಗ್ಗೆ ಒಂದು.' ಅವರದೇ ಗುಂಡು ಅಕ್ಷರ, ಲ್ಯಾಬಿನ ಸೀಸೆಗಳ ಮೇಲಿರುವಂಥದ್ದು.

"ಹಾಗಾದ್ರೆ ನಾನು ಮರೆತಿರ್ಲಿಲ್ಲ," ಎಂದರು.

"ಇಲ್ಲ."

"ನನ್ನ ತಲೆ ಸರಿಯಾಗಿದೆ."

"ಸರಿಯಾಗಿದೆ."

ಅವರು ಕೂತುಬಿಟ್ಟರು. ಒಂದು ತಿಂಗಳಿಂದ ನಿದ್ದೆ ಮಾಡಿಲ್ಲ ಮೇಡಂ ಎಂದರು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅವರಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ನಾನು ಮೆಟ್ಟಿಲಿಳಿದು ಗೇಟು ದಾಟಿದ ಮೇಲೆ ನೆನಪಾಗಿರಬೇಕು. ಹಿಂದೆ ಬಾಗಿಲು ಜೋರಾಗಿ ಹಾಕಿಕೊಂಡಿತು.

ಮಾರ್ಚ್ 12, ಬುಧವಾರ

ತಾಯಿಗೆ ಹೇಳಲು ಅವಳ ಬಸ್ಸನ್ನೇ ಹತ್ತಿದೆ. ಮನೆಯಲ್ಲಾದರೆ ಮಗು ಇರುತ್ತದೆ. ಮಧ್ಯಾಹ್ನ, ಹೆಚ್ಚು ಜನವಿರಲಿಲ್ಲ. ನನ್ನನ್ನು ಕಂಡು ನಕ್ಕಳು, ಟಿಕೆಟ್ ಬೇಡ ಎಂದಳು. ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ಕರೆದು ಕೂರಿಸಿ ಹೇಳಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರೆ. ಒದೆಯಲಿ ಎಂದೇ ಕಾದೆ.

ಅವಳು ಮೊದಲು ಹೇಳಿದ್ದು ಇದು: "ಆ ಮುದುಕಪ್ಪನ ಮುಖಕ್ಕೆ ಬಾಗಿಲು ಹಾಕಿದ್ನಲ್ಲ ನಾನು."

ಆಮೇಲೆ, "ನನ್ನ ಮನೆ ಕುರ್ಚಿ ಮೇಲೆ ಕೂತು ಕಾಫಿ ಕುಡಿದ್ರಿ," ಎಂದಳು.

ಎದ್ದು ನಿಂತು ಶಿಳ್ಳೆ ಊದಿದಳು. ಬಸ್ಸು ನಿಂತಿತು. ಅಲ್ಲಿ ನಿಲ್ದಾಣವಿರಲಿಲ್ಲ.

"ಇಳೀರಿ."

ಇಳಿದೆ.

ಮಾರ್ಚ್ 15, ಶನಿವಾರ

ಮೊದಲು ಫೆಬ್ರವರಿ ಹನ್ನೊಂದರ ಪುಟ ತೆಗೆದು ಒಂದು ಮಾತಿಗೆ ಗೀಟು ಹಾಕಿದ್ದೇನೆ. ಆಮೇಲೆ ಇದನ್ನು ಬರೆಯಲು ಕೂತಿದ್ದೇನೆ.

ಬೆಳಿಗ್ಗೆ ತಾಯಿ ನಮ್ಮ ಮನೆ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಅಕ್ಕ ತಂದ ನೀರನ್ನೂ ಮುಟ್ಟಲಿಲ್ಲ. "ಅವಳಿಗೆ ಎಲ್ಲ ಹೇಳಿದೀನಿ. ನಿಮ್ಮನ್ನ ಒಂದು ಪ್ರಶ್ನೆ ಕೇಳ್ಬೇಕಂತೆ. ಮೂರು ದಿನದಿಂದ ಊಟ ಬಿಟ್ಟು ಹಟ ಹಿಡಿದಿದಾಳೆ. ಬಂದು ಉತ್ತರ ಹೇಳಿ ಹೋಗಿ. ಮತ್ತೆ ಬರಬೇಡಿ."

ಅವಳ ಹಿಂದೆ ನಡೆದೆ.

ಮಗು ಅದೇ ಕುರ್ಚಿಯ ಎದುರು ನೆಲದ ಮೇಲೆ ಕೂತಿತ್ತು. ನಾನು ಕುರ್ಚಿಯಲ್ಲಿ ಕೂರಲಿಲ್ಲ, ಅವಳ ಎದುರಿಗೇ ನೆಲದ ಮೇಲೆ ಕೂತೆ. ನನ್ನ ಮುಖ ಕಾಣಲೆಂದು ಅವಳು ನನ್ನ ತಲೆಯ ಮೇಲೆ ಎರಡು ಬೆರಳು ಎತ್ತರಕ್ಕೆ ನೋಡಿದಳು. ನಾನು ಹೇಳಿಕೊಟ್ಟ ಹಾಗೇ.

"ಮುಚ್ಚಳ ಮರೆತ್ರಿ ಅಂತ ಅಮ್ಮ ಹೇಳಿದ್ಳು. ನಾನೂ ಪೆನ್ಸಿಲ್ ಬಾಕ್ಸ್ ಮರೀತೀನಿ," ಎಂದಳು. "ಅದಲ್ಲ ಟೀಚರ್. ಮೊದಲನೇ ಸಲ ನೋಡಿ ನಾನು ಕೂಗಿದ್ನಲ್ಲ, 'ಟೀಚರ್, ಈ ಚಿಕ್ಕದ್ರಲ್ಲೂ ಸೂರ್ಯ ಕಾಣ್ಸುತ್ತೆ' ಅಂತ. ಅದು ನಿಮಗೆ ಕೇಳಿಸ್ತಾ?"

ತಾಯಿ ಬಾಗಿಲಲ್ಲಿ ನಿಂತಿದ್ದಳು. ಇದನ್ನು ನಾನು ಸಮಿತಿಗೆ ಬರೆದಿರಲಿಲ್ಲ, ಅಕ್ಕನಿಗೆ ಹೇಳಿರಲಿಲ್ಲ, ಬಸ್ಸಿನಲ್ಲೂ ಹೇಳಿರಲಿಲ್ಲ. ಬೇರೆ ಯಾರಿಗೂ ತಿಳಿಯುವ ದಾರಿಯೇ ಇಲ್ಲ. ಇಲ್ಲ ಎಂದಿದ್ದರೆ ಆ ಮಗು ನಂಬುತ್ತಿತ್ತು.

"ಕೇಳಿಸಿತು," ಎಂದೆ. "ಪೂರ್ತಿ ಕೇಳಿಸಿತು. ತಿರುಗಿ ನೋಡ್ಲಿಲ್ಲ. ಸಾಲಲ್ಲಿ ನಿಲ್ಲು ಅಂದೆ."

ಈಗ 'ಹಾಗಾದ್ರೆ' ಎನ್ನುತ್ತಾಳೆ ಎಂದು ಕಾದೆ. ಏನು ಕೇಳಿದರೂ ಹೇಳಿಬಿಡಬೇಕು ಎಂದುಕೊಂಡಿದ್ದೆ. ಅವಳು ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತ ಕೂತಿದ್ದಳು. ಒಳಗೆ ನಲ್ಲಿ ತೊಟ್ಟಿಕ್ಕುತ್ತಿತ್ತು. ತಾಯಿ ಬಾಗಿಲಿನಿಂದ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು. ಆದರೂ ಸ್ವಲ್ಪ ಹೊತ್ತು ಕೂತೇ ಇದ್ದೆ.

ಅವಳು ಏನೂ ಕೇಳಲಿಲ್ಲ.